ಮುದಗಲ್ಲಿನ ಅಜ್ಜಿಗೆ ಮೊಮ್ಮಗನ ಫೋಟೋ

ಶನಿವಾರ, ಬಳ್ಳಾರಿ

ರೈಲು ಬಳ್ಳಾರಿ ಮುಟ್ಟುವಾಗ ಊರೆಲ್ಲ ಹಳದಿ, ಕೆಂಪು. ರಾಜ್ಯೋತ್ಸವದ ಮೆರವಣಿಗೆ ಮುಗಿಸಿದ ಶಾಲಾ ಮಕ್ಕಳು ಬಾವುಟ ಸುತ್ತಿಕೊಂಡು ಮನೆಗೆ ಹೊರಟಿದ್ದರು. ನವೆಂಬರ್ 1 ಕಥೋಲಿಕರಿಗೆ ಸಕಲ ಸಂತರ ಹಬ್ಬವೂ ಹೌದು, ಮರುದಿನ ಸಕಲ ಮೃತರ ಸ್ಮರಣೆ. ಆ ಸ್ಮರಣೆಗೆಂದೇ ನಾನು ಹುಬ್ಬಳ್ಳಿಯಿಂದ ಬಂದಿದ್ದೆ. ಕೌಲ್ ಬಜಾರಿನಲ್ಲಿರುವ ನನ್ನ ತಂಗಿಯ ಒಬ್ಬನೇ ಮಗ ಮಳೆಗಾಲದಲ್ಲಿ ತೋರಣಗಲ್ಲಿನ ಕೆಲಸ ಮುಗಿಸಿ ಬೈಕಿನಲ್ಲಿ ಮರಳುವಾಗ ಅದಿರು ಲಾರಿಗೆ ಸಿಕ್ಕು ತೀರಿಕೊಂಡ. ಅವನ ಅಪ್ಪ ಹೋಗಿ ಬಹಳ ವರ್ಷಗಳಾಗಿವೆ. ತಂಗಿಯ ಅತ್ತೆ ಇರುವುದು ಮುದಗಲ್ಲಿನಲ್ಲಿ. ನಮಗೆಲ್ಲ ಅವರು ಅಜ್ಜಿ. ಕಾಲಿನಲ್ಲಿ ಶಕ್ತಿಯಿಲ್ಲದೆ ಮೊಮ್ಮಗನನ್ನು ಮಣ್ಣು ಮಾಡುವಾಗಲೂ ಬರಲಾಗಿರಲಿಲ್ಲ. ಅವನದೊಂದು ಫೋಟೋಕ್ಕೆ ಕಟ್ಟು ಹಾಕಿಸಿಕೊಂಡು ಬನ್ನಿ ಎಂದು ಹೇಳಿಕಳಿಸಿದ್ದರು.

ತಂಗಿ ಜೀನ್ಸ್ ಹೊಲಿಯುವವಳು. ಬಳ್ಳಾರಿಯ ಜೀನ್ಸ್ ದೇಶವೆಲ್ಲ ಓಡಾಡುತ್ತದೆ, ಅದಕ್ಕೆ ಜೇಬು ಕೂರಿಸುವ ಕೈಗಳು ಇಂಥ ಓಣಿಗಳಲ್ಲಿರುತ್ತವೆ, ಪೀಸಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಅವಳ ಪಡಸಾಲೆಯಲ್ಲಿ ಯಂತ್ರದ ಮೇಲೆ ಹಾಸಿಗೆಯ ಹೊದಿಕೆ ಬಿದ್ದಿತ್ತು. ಗೋಡೆಗೆ ಒರಗಿಸಿದ್ದ ಮಗನ ಕೀಬೋರ್ಡನ್ನು ಅದರ ಚೀಲದಲ್ಲೇ ಹಾಕಿ, ಚೀಲಕ್ಕೆ ಬೀಗ ಜಡಿದಿದ್ದಳು. ಚೀಲಕ್ಕೆ ಬೀಗ ಹಾಕಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಅವನು ಚರ್ಚಿನ ಗಾಯನ ತಂಡದಲ್ಲಿ ಅದನ್ನು ನುಡಿಸುತ್ತಿದ್ದ.

"ಎಷ್ಟು ಜನ ಬಂದು ಹೋದರು ಗೊತ್ತೇನಕ್ಕಾ," ಎಂದಳು ಚಹಾ ಕೊಡುತ್ತ. "ಒಬ್ಬೊಬ್ಬರೂ ದೇವರ ಚಿತ್ತ ಎಂದು ಹೇಳಿ ಎದ್ದು ಹೋದರು. ದೇವರ ಚಿತ್ತ ಎಂದಮೇಲೆ ಇನ್ನು ಮಾತಾಡುವ ಹಾಗೇ ಇಲ್ಲ ನೋಡು."

ಸಂಜೆ ಅವಳನ್ನು ಹೊರಗೆ ಎಳೆದುಕೊಂಡು ಹೋದೆ. ಕೋಟೆಗುಡ್ಡ ಕಾಣುವ ರಸ್ತೆಯಲ್ಲಿ ನಡೆಯುತ್ತ, ಕನ್ನಡ ಮೇಷ್ಟ್ರಿಕೆಯ ಹಳೆಯ ಚಾಳಿಯಂತೆ, ಜಾನ್ ಹ್ಯಾಂಡ್ಸ್ ಕಥೆ ತೆಗೆದೆ. ಲಂಡನ್ ಮಿಷನ್ನಿನ ಆ ಮನುಷ್ಯ ಬಳ್ಳಾರಿಗೆ ಬಂದದ್ದು 1810ರಲ್ಲಿ. ಬಂದ ಮೇಲೆಯೇ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೈಹಾಕಿದ. ಪೂರ್ತಿ ಪುಸ್ತಕ ಅಚ್ಚಾಗಿ ಕೈಗೆ ಬರಲು ಇಪ್ಪತ್ತು ವರ್ಷಕ್ಕೂ ಮೀರಿ ಹಿಡಿಯಿತು. ಅವನ ಜೊತೆಗಾರ ವಿಲಿಯಂ ರೀವ್ ಅದೇ ಕಾಲದಲ್ಲಿ ಕನ್ನಡಕ್ಕೆ ನಿಘಂಟು ಕಟ್ಟಿದ. ನಮ್ಮ ಸಭೆಗಳಲ್ಲಿ ಕನ್ನಡ ಗೀತೆಗಳನ್ನು ಬರೆದವರಲ್ಲಿ ಮೊದಲಿಗನಾದ ಸ್ಯಾಮ್ಯುಯೆಲ್ ಫ್ಲೇವೆಲ್ ಇದೇ ಊರಿನಲ್ಲಿ ಸಭಾಪಾಲಕನಾಗಿದ್ದು 1847ರಲ್ಲಿ ಕಾಲರಾಕ್ಕೆ ತುತ್ತಾದ.

ತಂಗಿ ಎಲ್ಲವನ್ನೂ ಕೇಳಿಸಿಕೊಂಡಳು. "ಪುಸ್ತಕಕ್ಕೆ ಇಪ್ಪತ್ತು ವರ್ಷ ಕಾಯಬಹುದಕ್ಕಾ," ಎಂದಳು. "ಕೊನೆಗೆ ಪುಸ್ತಕ ಬರುತ್ತದೆ." ಅಲ್ಲಿಗೆ ನನ್ನ ಪಾಠ ಮುಗಿಯಿತು.

ಭಾನುವಾರ, ಬಳ್ಳಾರಿ

ಬೆಳಗಿನ ಪೂಜೆಗೆ ಅವಳು ಬರಲಿಲ್ಲ. ಮಗ ಹೋದಂದಿನಿಂದ ಚರ್ಚಿನೊಳಕ್ಕೆ ಕಾಲಿಟ್ಟಿಲ್ಲ. ಸ್ಮಶಾನಕ್ಕೆ ಮಾತ್ರ ಬಂದಳು, ಒಂದು ಬಕೆಟ್ ಸುಣ್ಣ, ಕುಂಚ, ಚೆಂಡುಹೂವು, ಮೇಣದಬತ್ತಿಯ ಪೊಟ್ಟಣ ಹಿಡಿದುಕೊಂಡು.

ಸಕಲ ಮೃತರ ದಿನ ಕಥೋಲಿಕರ ಸ್ಮಶಾನ ನೋಡಬೇಕು. ಜಾತ್ರೆಯ ಗದ್ದಲವೇ ಅಲ್ಲಿರುತ್ತದೆ. ಕಳೆ ಕೀಳುವವರು, ಶಿಲುಬೆಗೆ ಬಣ್ಣ ಬಳಿಯುವವರು, ಅಜ್ಜನ ಗೋರಿ ಯಾವುದೆಂದು ವಾದಿಸುವ ಅಣ್ಣತಮ್ಮಂದಿರು, ಗೋರಿಯ ಕಟ್ಟೆಯ ಮೇಲೆ ಕುಳಿತು ಒಗ್ಗರಣೆ ಮಂಡಕ್ಕಿ ತಿನ್ನುವ ಮಕ್ಕಳು. ಫ್ರಾನ್ಸಿನ ಕ್ಲೂನಿ ಎಂಬ ಮಠದ ಅಧಿಪತಿ ಒಡಿಲೋ ಹತ್ತನೆಯ ಶತಮಾನದ ಕೊನೆಯಲ್ಲಿ ತನ್ನ ಮಠಗಳಿಗೆ ವಿಧಿಸಿದ ಆಚರಣೆ ಇದು. ಅಲ್ಲಿಂದ ಲೋಕವೆಲ್ಲ ಹರಡಿತು. ನಾನು ಹುಟ್ಟಿ ಬೆಳೆದದ್ದು ಸಿ.ಎಸ್.ಐ. ಎಂಬ ಪ್ರೊಟೆಸ್ಟೆಂಟ್ ಸಭೆಯಲ್ಲಿ. ಸತ್ತವರಿಗಾಗಿ ಪ್ರಾರ್ಥಿಸುವುದು ನಮ್ಮಲ್ಲಿ ಇಲ್ಲ. ಅವರು ದೇವರ ಕೈಯಲ್ಲಿದ್ದಾರೆ, ಇನ್ನು ನಮ್ಮ ಶಿಫಾರಸು ಏಕೆ ಎನ್ನುತ್ತೇವೆ. ತಂಗಿ ಕಥೋಲಿಕ ಮನೆಗೆ ಸೊಸೆಯಾಗಿ ಹೋದಾಗ ನಮ್ಮಪ್ಪ ಇದೇ ವಿಷಯಕ್ಕೆ ಬೀಗರೊಡನೆ ರಾತ್ರಿಯಿಡೀ ಚರ್ಚೆ ಮಾಡಿದ್ದರು. ಆದರೆ ಒಂದು ಮಾತು ಹೇಳಲೇಬೇಕು. ನಮ್ಮ ಪದ್ಧತಿಯಲ್ಲಿ ಮಣ್ಣು ಮುಚ್ಚಿ ಬಂದಮೇಲೆ ತಾಯಿಯ ಕೈಗೆ ಕೆಲಸ ಉಳಿಯುವುದಿಲ್ಲ. ಅವರ ಪದ್ಧತಿಯಲ್ಲಿ ಸುಣ್ಣವಾದರೂ ಬಳಿಯಬಹುದು.

ಅವಳು ಬಳಿದಳು. ಸೆರಗು ಸಿಕ್ಕಿಸಿಕೊಂಡು, ಮೊಣಕಾಲೂರಿ, ತಲೆಯ ಕಡೆಯಿಂದ ಶುರುಮಾಡಿ ಒಂದೊಂದೇ ಮೂಲೆಗೆ ಕುಂಚ ತಿರುಗಿಸಿದಳು. ಇಟ್ಟಿಗೆಯ ಸಂದಿನಲ್ಲಿ ಸುಣ್ಣ ಇಳಿಯದಿದ್ದ ಕಡೆ ಬೆರಳಿನಿಂದಲೇ ತುಂಬಿದಳು. ಕಲ್ಲು ಹಾಕಿಸಲು ಇನ್ನೂ ಹಣ ಸೇರಿಲ್ಲ. ಪರಿಹಾರದ ಮೊಕದ್ದಮೆ ವಾಯಿದೆಯಿಂದ ವಾಯಿದೆಗೆ ಹೋಗುತ್ತಿದೆ, ಬೈಕಿನ ಸಾಲದ ಕಂತು ಮಾತ್ರ ತಿಂಗಳಿಗೆ ಸರಿಯಾಗಿ ಬಂದು ನಿಲ್ಲುತ್ತದೆ.

ಫಾದರ್ ಸಾಲುಸಾಲಾಗಿ ಗೋರಿಗಳಿಗೆ ತೀರ್ಥ ಚಿಮುಕಿಸುತ್ತ ಬಂದರು. ಬಳಿ ಬಂದು ನಿಂತಾಗ, ಈಗ ಉಪದೇಶ ಬರುತ್ತದೆ ಎಂದುಕೊಂಡೆ. ಅವರು ಚಿಕ್ಕ ವಯಸ್ಸಿನವರು. ತೀರ್ಥ ಹಾಕಿ, ಪ್ರಾರ್ಥನೆ ಹೇಳಿ, "ಅಮ್ಮಾ, ನಿಮ್ಮ ಮಗ ಆಗಾಗ ಶ್ರುತಿ ತಪ್ಪಿಸುತ್ತಿದ್ದ," ಎಂದರು. ತಂಗಿ ತಲೆಯೆತ್ತಿದಳು. "ಹೌದು ಫಾದರ್. ಹೇಳಿದರೆ ಕೇಳುತ್ತಿರಲಿಲ್ಲ," ಎಂದಳು. ಅಷ್ಟೇ. ಅವರು ಮುಂದಿನ ಗೋರಿಗೆ ಹೋದರು.

ಸೋಮವಾರ, ಮುನಿರಾಬಾದ್ ದಾರಿಯಾಗಿ ಕೊಪ್ಪಳ

ಇಬ್ಬರಿಗೂ ಶೂನ್ಯ ಟಿಕೆಟ್. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಆ ಯೋಜನೆಯನ್ನು ಬೈಯುವವರು ಒಮ್ಮೆ ಇಂಥ ಪ್ರಯಾಣ ಮಾಡಲಿ. ಆಧಾರ್ ಚೀಟಿ ತೋರಿಸಿ ಕುಳಿತೆವು. ಟವೆಲಿನಲ್ಲಿ ಸುತ್ತಿದ ಫೋಟೋ ತಂಗಿಯ ತೊಡೆಯ ಮೇಲೆ. ಕಂಡಕ್ಟರ್ ಅದನ್ನು ಮೇಲಿನ ಕಂಬಿಯಲ್ಲಿಡಿ ಎಂದ, ಅವಳು ಒಪ್ಪಲಿಲ್ಲ.

ಹೊಸಪೇಟೆಯ ದಾರಿಯೆಂದರೆ ತೋರಣಗಲ್ಲನ್ನು ಹಾದುಹೋಗಲೇಬೇಕು. ನಾನು ಕಿಟಕಿಯ ಪಕ್ಕ ಕೂರುತ್ತೇನೆಂದು ಹಟ ಹಿಡಿದಿದ್ದೆ, ಅವಳು ಬಿಡಲಿಲ್ಲ. ರಸ್ತೆಯ ಇಕ್ಕೆಲದ ಬೇವಿನ ಮರಗಳ ಎಲೆ ಹಸಿರಿಲ್ಲ, ಅದಿರಿನ ಧೂಳಿಗೆ ಕೆಂಪು. ಸಾಲುಗಟ್ಟಿದ ಲಾರಿಗಳ ಹಿಂದೆ ಬಸ್ಸು ತೆವಳುತ್ತಿತ್ತು. ಒಂದು ಕಡೆ ಅವಳ ಕೈ ಟವೆಲಿನ ಮೇಲೆ ಬಿಗಿಯಾಯಿತು. ಮುಖ ತಿರುಗಿಸುತ್ತಾಳೆ ಎಂದುಕೊಂಡೆ. ತಿರುಗಿಸಲಿಲ್ಲ, ಕಿಟಕಿಯ ಗಾಜು ಸರಿಸಿ ಹೊರಗೆ ಬಾಗಿ ನೋಡಿದಳು. ಪಂಕ್ಚರ್ ಅಂಗಡಿ, ಒಂದು ಕಬ್ಬಿನ ಹಾಲಿನ ಗಾಡಿ.

"ಇಲ್ಲಿ ಏನೂ ಇಲ್ಲಕ್ಕಾ," ಎಂದಳು. "ಒಂದು ಗುರುತೂ ಇಲ್ಲ."

ಏನಾದರೂ ಹೇಳಬೇಕೆಂದು ಬಾಯಿ ತೆರೆದವಳು, ಬೈಬಲ್ಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರನ್ನು ನೆನೆಸಿಕೊಂಡು ಮುಚ್ಚಿದೆ. ಆ ಗೆಳೆಯರು ಮೊದಲ ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದಮೇಲೆ ಅಧ್ಯಾಯಗಟ್ಟಲೆ ದೇವರ ಪರವಾಗಿ ವಕಾಲತ್ತು ನಡೆಸಿದರು. ಕೊನೆಗೆ ದೇವರೇ, ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ, ಯೋಬನು ಮಾತಾಡಿದ ಎಂದು ಅವರನ್ನು ಗದರಿಸಿದ. ಯೋಬನ ತಾಳ್ಮೆ ಎಂದು ಗಾದೆಯಂತೆ ಆಡುವವರು ಆ ಪುಸ್ತಕವನ್ನು ನಡುವಿನಿಂದ ಓದಿಲ್ಲ. ಅವನು ಹುಟ್ಟಿದ ದಿನವನ್ನೇ ಶಪಿಸಿದವನು, ದೇವರನ್ನು ನ್ಯಾಯಾಲಯಕ್ಕೆ ಕರೆದವನು. ಎದ್ದು ಹೋಗಲಿಲ್ಲ, ಅಷ್ಟೇ ಅವನ ತಾಳ್ಮೆ.

ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ಮುನಿರಾಬಾದಿನಲ್ಲಿ ಇಳಿದೆವು. ಅಣೆಕಟ್ಟೆ ನೋಡೋಣ ಎಂದವಳು ತಂಗಿಯೇ. ಅವಳ ಮಗ ಗೆಳೆಯರ ಜೊತೆ 2024ರ ಆಗಸ್ಟಿನಲ್ಲಿ ಇಲ್ಲಿಗೆ ಓಡಿ ಬಂದಿದ್ದನಂತೆ. ಆ ತಿಂಗಳು 10ರ ರಾತ್ರಿ ತುಂಗಭದ್ರೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಳಚಿ ಗೇಟೇ ಕೊಚ್ಚಿಹೋಯಿತು. 1953ರಿಂದ ನೀರು ಹಿಡಿದುಕೊಂಡು ನಿಂತಿದ್ದ ಕಟ್ಟೆ. ಹೂಳು ತುಂಬಿ 133 ಟಿ.ಎಂ.ಸಿ.ಯ ಹೊಟ್ಟೆ ಈಗ 105ಕ್ಕೆ ಇಳಿದಿದೆ. ಆ ಉಳಿದದ್ದೂ ಕಣ್ಣೆದುರಿಗೆ ಹರಿದುಹೋಗುತ್ತಿತ್ತು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಭತ್ತದ ರೈತರು ತಲೆಯ ಮೇಲೆ ಕೈಹೊತ್ತು ಕುಳಿತರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮೇಲ್ವಿಚಾರಣೆಯಲ್ಲಿ, ರಭಸದಿಂದ ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದೊಳಗೆ ಬಾಯಿ ಮುಚ್ಚಿದರು. ಆಮೇಲೆ ಮಳೆ ಬಂದು ಜಲಾಶಯ ಮತ್ತೆ ತುಂಬಿತು.

"ಅಮ್ಮಾ, ಆ ನೀರಿನಲ್ಲಿ ಹಲಗೆ ಇಳಿಸಿದರು, ನೀನು ನೋಡಬೇಕಿತ್ತು ಎಂದು ಬಂದು ಕುಣಿದಿದ್ದ," ಎಂದಳು ತಂಗಿ. ಮಗನ ಮಾತನ್ನು ಅವನ ದನಿಯಲ್ಲಿ ಅವಳು ಹೇಳಿದ್ದನ್ನು ನಾನು ಅಂದೇ ಕೇಳಿದ್ದು. ಹುಲಿಗೆಮ್ಮನ ಗುಡಿಗೆ ಹೊರಟವರ ಗುಂಪಿನ ಜೊತೆ ನಾವೂ ರಸ್ತೆಯ ಬದಿಯಲ್ಲಿ ನಿಂತು ಮಿರ್ಚಿ ತಿಂದೆವು.

ರಾತ್ರಿ ಕೊಪ್ಪಳದಲ್ಲಿ, ನನ್ನ ಜೊತೆ ಮೇಷ್ಟ್ರಾಗಿದ್ದವರೊಬ್ಬರ ಮನೆಯಲ್ಲಿ ಉಳಿದೆವು. ಗವಿಮಠದ ಭಕ್ತರ ಮನೆ. ಆ ಮನೆಯ ಅಮ್ಮನೂ ಒಬ್ಬ ಮಗಳನ್ನು ಕಳೆದುಕೊಂಡವರು. ಒಂದು ಪ್ರಶ್ನೆ ಕೇಳಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ, ಗುರೆಳ್ಳಿನ ಚಟ್ನಿ ಬಡಿಸಿ, ತಂಗಿ ಬೇಡವೆಂದಾಗಲೆಲ್ಲ ಇನ್ನರ್ಧ ರೊಟ್ಟಿ ಹಾಕಿ, ಮಲಗುವಾಗ ಅವಳ ಕಾಲಿಗೆ ಎಣ್ಣೆ ತಿಕ್ಕಿದರು. ದೇವರ ಚಿತ್ತದ ಸುದ್ದಿ ಎತ್ತದ ಮನೆ ಅದು.

ದೀಪ ಆರಿಸುವ ಮೊದಲು ತಂಗಿ ಒಂದು ಮಾತು ತೆಗೆದಳು. "ಅಕ್ಕಾ, ಚರ್ಚಿನವರು ಹೇಳಿಕಳಿಸಿದ್ದರು, ನಿರೀಕ್ಷೆ ಇಲ್ಲದವರ ಹಾಗೆ ಅಳಬಾರದು ಎಂದು ಪೌಲನೇ ಬರೆದಿದ್ದಾನಂತೆ. ನಾನು ಅತ್ತರೆ ನಂಬಿಕೆ ಇಲ್ಲವೆಂದೇ ಲೆಕ್ಕವೇ?"

ಥೆಸಲೋನಿಕ ಊರಿನ ಕ್ರೈಸ್ತರಿಗೆ ಅಪೊಸ್ತಲ ಪೌಲ ಬರೆದ, ಬೈಬಲ್ಲಿನಲ್ಲಿರುವ ಪತ್ರದ ಆ ಸಾಲಿನ ಮೇಲೆ ನನಗೆ ಬಹಳ ದಿನದ ಸಿಟ್ಟಿದೆ. ಪೌಲನ ಮೇಲಲ್ಲ, ಅದನ್ನು ಅರ್ಧಕ್ಕೆ ಕತ್ತರಿಸಿ ಸಾವಿನ ಮನೆಗೆ ಒಯ್ಯುವವರ ಮೇಲೆ. ಅವನು ಅಳಬೇಡಿ ಎನ್ನಲಿಲ್ಲ. ಸತ್ತವರು ಎದ್ದುಬರುತ್ತಾರೆಂಬ ಭರವಸೆ ಇಲ್ಲದವರು ಅಳುವ ರೀತಿ ಬೇರೆ, ನಿಮ್ಮದು ಬೇರೆಯಾಗಿರಲಿ ಎಂದ. ಸತ್ತ ಗೆಳೆಯ ಲಾಜರನನ್ನು ಇನ್ನೇನು ಎಬ್ಬಿಸುತ್ತೇನೆಂದು ಗೊತ್ತಿದ್ದೂ ಯೇಸು ಗೋರಿಯ ದಾರಿಯಲ್ಲಿ ಕಣ್ಣೀರು ಹಾಕಿದ. ಅದಕ್ಕಿಂತ ಮೊದಲು ಲಾಜರನ ಅಕ್ಕ ಮಾರ್ಥಳು ಊರ ಹೊರಗೇ ಅವನನ್ನು ತಡೆದು, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಮುಖಕ್ಕೆ ಹೇಳಿದಳು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಇಷ್ಟನ್ನು ಹೇಳಿ, ಬೈಬಲ್ಲಿನ 88ನೆಯ ಕೀರ್ತನೆಯನ್ನು ಮೊಬೈಲಿನಲ್ಲಿ ತೆಗೆದು ಕೊಟ್ಟೆ. ಬೇರೆ ದುಃಖದ ಕೀರ್ತನೆಗಳು ಬಹುಪಾಲು ಕೊನೆಯಲ್ಲಾದರೂ ಸ್ತುತಿಗೆ ತಿರುಗುತ್ತವೆ; ಇದು ಕತ್ತಲೆಯಲ್ಲೇ ನಿಲ್ಲುತ್ತದೆ. ಆದರೂ ಅದನ್ನು ಯಾರೂ ಬೈಬಲ್ಲಿನಿಂದ ತೆಗೆದುಹಾಕಲಿಲ್ಲ.

ಓದಿ, "ಇದನ್ನು ಯಾರೂ ನನಗೆ ಕೊಟ್ಟಿರಲಿಲ್ಲ," ಎಂದಳು.

ಮಂಗಳವಾರ, ಮುದಗಲ್

ಕುಷ್ಟಗಿ, ತಾವರಗೇರಾ ದಾಟಿ ಹೋಗುವ ದಾರಿ. ತೊಗರಿ ಹೂ ಬಿಟ್ಟು ಹೊಲವೆಲ್ಲ ಹಳದಿ. ಕಪ್ಪು ನೆಲದಲ್ಲಿ ಹಿಂಗಾರಿ ಜೋಳ ಗೇಣುದ್ದ ಎದ್ದಿತ್ತು.

ಮುದಗಲ್ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನದು. ವಿಜಯನಗರದವರೂ ಬಹಮನಿಯವರೂ ಆದಿಲ್ ಶಾಹಿಯವರೂ ಕಿತ್ತಾಡಿದ ಕೋಟೆ ಊರ ಎದೆಯ ಮೇಲೆ ಕುಳಿತಿದೆ. ಮೊಹರಮ್ಮಿಗೆ ಹಿಂದೂಗಳೂ ಮುಸ್ಲಿಮರೂ ಹರಕೆ ಹೊತ್ತು ಬರುವ ಊರೆಂದು ಎಲ್ಲರಿಗೂ ಗೊತ್ತು. ಗೋವೆಯ ಕಡೆಯಿಂದ ಬಂದ ಜೆಸುಯಿಟ್ ಗುರುಗಳ ಕಾಲದಿಂದ ಇಲ್ಲಿ ಕಥೋಲಿಕ ಮನೆಗಳಿವೆ, ಅವರ ಚರ್ಚಿಗೆ ಬಿಜಾಪುರದ ಸುಲ್ತಾನರೇ ಇನಾಮು ಕೊಟ್ಟಿದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಅಜ್ಜಿಯ ತವರು ಮಾತ್ರ ಅಷ್ಟು ಹಳೆಯದಲ್ಲ. ಅವರ ಮುತ್ತಜ್ಜ 1876ರಿಂದ 78ರ ಧಾತು ಬರದಲ್ಲಿ ಬಳ್ಳಾರಿ ಕಡೆ ಮಿಷನ್ನಿನ ಗಂಜಿಯಿಂದ ಉಳಿದ ಹುಡುಗನಂತೆ. ಬಳ್ಳಾರಿ ಸೀಮೆ ಆ ಬರದಲ್ಲಿ ಬೆಂದುಹೋಯಿತು. ಗಂಜಿಗಾಗಿ ಕ್ರೈಸ್ತರಾದವರು ಎಂದು ಮೂದಲಿಸುವವರಿಗೆ ಅಜ್ಜಿಯ ಉತ್ತರ ಸಿದ್ಧವಾಗಿರುತ್ತದೆ: "ಹೌದು. ಗಂಜಿ ಕೊಟ್ಟವರ ದೇವರು ಯಾರೆಂದು ಕೇಳಿದೆವು. ಕೊಡದವರ ದೇವರನ್ನು ಕೇಳಲು ನಮಗೆ ಜೀವ ಇರಲಿಲ್ಲ."

ಅಜ್ಜಿ ಹೊರಸಿನ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಟವೆಲು ಬಿಚ್ಚಿ ಫೋಟೋ ಕೊಟ್ಟಾಗ ಕನ್ನಡಕ ಹಾಕಿಕೊಳ್ಳಲಿಲ್ಲ. ಗಾಜಿನ ಮೇಲೆ ಅಂಗೈ ಇಟ್ಟು, ಹುಬ್ಬಿನಿಂದ ಗದ್ದದವರೆಗೆ ಬೆರಳು ಎಳೆದರು. ಆಮೇಲೆ ಅತ್ತರು, ಹಳ್ಳಿಯ ರೀತಿಯಲ್ಲಿ, ದನಿ ತೆಗೆದು, ಹಾಡಿನ ಹಾಗೆ ಒಂದೊಂದೇ ಗುಣ ಎಣಿಸುತ್ತ. ಮೊದಲ ಸಲ ಬಂದಾಗ ಕೋಳಿಗೆ ಹೆದರಿದ್ದು, ಕಡಲೆಗಿಡ ಕಿತ್ತು ಬೈಸಿಕೊಂಡದ್ದು, ಅಜ್ಜಿಯ ಔಷಧಿಗೆಂದು ಮೊದಲ ಸಂಬಳದಲ್ಲಿ ಹಣ ಕಳಿಸಿದ್ದು. ತಂಗಿ ಬಾಗಿಲ ಚೌಕಟ್ಟಿನಲ್ಲೇ ನಿಂತಿದ್ದಳು. ಬಳ್ಳಾರಿಯಲ್ಲಿ ಅವಳು ಹೀಗೆ ಅಳಲು ಹೋದಾಗ ಯಾರೋ ನೀರಿನ ಲೋಟ ತಂದು ಬಾಯಿಗೆ ಹಿಡಿದು ಸುಮ್ಮನಾಗಿಸಿದ್ದರಂತೆ. ಇಲ್ಲಿ ಯಾರೂ ತಡೆಯಲಿಲ್ಲ. ಅವಳು ಹೋಗಿ ಅತ್ತೆಯ ಮಡಿಲಲ್ಲಿ ತಲೆಯಿಟ್ಟಳು, ಹಾಡಿಗೆ ಇನ್ನೊಂದು ದನಿ ಸೇರಿತು. ಅಕ್ಕಪಕ್ಕದ ಹೆಂಗಸರು ಬಂದು ಕುಳಿತು ಹೋದರು. ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ, ಸಕ್ಕರೆಯ ಡಬ್ಬಿ ಹುಡುಕುವುದರಲ್ಲಿ ಸಾಕಾಯಿತು.

ಮಧ್ಯಾಹ್ನದ ಮೇಲೆ ಅಜ್ಜಿ ಜಪಸರ ಕೈಗೆತ್ತಿಕೊಂಡರು. ಗೂಡಿನಲ್ಲಿ ವ್ಯಾಕುಲ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಳ ಸಣ್ಣ ಪ್ರತಿಮೆ. ತಂಗಿ ಕೇಳಿಯೇಬಿಟ್ಟಳು: "ಅತ್ತೇ, ನಿಮಗೆ ಸಿಟ್ಟೇ ಬರುವುದಿಲ್ಲವೇ? ಗಂಡ ಹೋದರು, ಮಗ ಹೋದರು, ಈಗ ಇವನು. ಹೇಗೆ ಕುಳಿತು ಜಪ ಮಾಡುತ್ತೀರಿ?"

"ಸಿಟ್ಟಿನಲ್ಲೇ ಮಾಡುತ್ತೇನೆ," ಎಂದರು ಅಜ್ಜಿ. "ಇವಳ ಹತ್ತಿರ ದಿನಾ ಜಗಳ. ನಿನ್ನ ಮಗ ಮೂರನೆಯ ದಿನಕ್ಕೆ ಎದ್ದು ಬಂದ, ನನ್ನ ಮಗ ಎಷ್ಟನೆಯ ದಿನಕ್ಕೆ ಎಂದು ಕೇಳುತ್ತೇನೆ. ಅವಳು ಹೇಳುವುದಿಲ್ಲ. ಆದರೆ ಅವಳೂ ಮಗನ ಹೆಣವನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತವಳು. ಆ ಶನಿವಾರ ಅವಳಿಗೂ ಭಾನುವಾರದ ಸುದ್ದಿ ಯಾರೂ ತಂದಿರಲಿಲ್ಲ. ಅದಕ್ಕೇ ಬೇರೆಯವರ ಹತ್ತಿರ ಹೋಗುವುದಿಲ್ಲ, ಇವಳ ಹತ್ತಿರ ಜಗಳಕ್ಕೆ ಹೋಗುತ್ತೇನೆ."

ಬೇರೆ ಯಾರಾದರೂ ಈ ಮಾತು ಆಡಿದ್ದರೆ ನಮ್ಮ ಸಭೆಯವಳಾದ ನಾನು ಎರಡು ಆಕ್ಷೇಪ ಎತ್ತುತ್ತಿದ್ದೆ. ಮಾತೆಯ ಹತ್ತಿರ ಏಕೆ, ನೇರವಾಗಿ ಮಗನ ಹತ್ತಿರವೇ ಹೋಗಬಾರದೇ ಎಂದು. ಅಂದು ನನಗೆ ಅದರ ನೆನಪೂ ಬರಲಿಲ್ಲ.

ಸಂಜೆ ಅಜ್ಜಿಯ ತೊಗರಿ ಹೊಲ ನೋಡಲು ಹೋದೆವು. ಪಾಲಿಗೆ ಮಾಡುವ ರೈತ ಬೆಳೆಯ ನಡುವೆ ನಿಂತು ಹುಳದ ಕಾಟ ನೋಡುತ್ತಿದ್ದ. ಹೋದ ವರ್ಷ ಹೂ ಉದುರಿ ಬೀಜದ ಖರ್ಚೂ ಹುಟ್ಟಲಿಲ್ಲವಂತೆ. ಮತ್ತೆ ಏಕೆ ಬಿತ್ತಿದಿರಿ ಎಂದರೆ, ಬಿತ್ತದೆ ಏನು ಮಾಡಲಿ ಅಮ್ಮಾ ಎಂದು ನಮ್ಮನ್ನೇ ಕೇಳಿದ. ಮುಂಗಾರು ಹಿಂಗಾರಿಗಾಗಿ ಕಾದಿರುವ ಒಕ್ಕಲಿಗನನ್ನು ನೋಡಿ ತಾಳ್ಮೆ ಕಲಿಯಿರಿ ಎಂದು ಬೈಬಲ್ಲಿನಲ್ಲಿ ಯಾಕೋಬ ತನ್ನ ಪತ್ರದಲ್ಲಿ ಬರೆಯುತ್ತಾನೆ. ಓದುವಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುತ್ತಿದ್ದದ್ದು ಕೈಕಟ್ಟಿ ಕುಳಿತು ಮುಗಿಲು ನೋಡುವ ಮುದುಕ. ಈ ಮನುಷ್ಯ ಮಾತಾಡುತ್ತಲೇ ಕಾಯಿಕೊರಕದ ಹುಳುಗಳನ್ನು ಕೊಡವಿ ಕೆಡವುತ್ತಿದ್ದ, ಮಳೆಯನ್ನು ಬೈಯುತ್ತಿದ್ದ, ಗಿರಣಿಯವನ ತೂಕವನ್ನು ಬೈಯುತ್ತಿದ್ದ. ತಂಗಿ ಚಪ್ಪಲಿ ಬಿಟ್ಟು ಸಾಲಿನೊಳಗಿಳಿದು ಹುಳು ಕೊಡವಲು ನಿಂತಳು. ಕತ್ತಲಾಗುವವರೆಗೆ ಬರಲಿಲ್ಲ.

ಬುಧವಾರ, ರಾಯಚೂರು

ಲಿಂಗಸುಗೂರಿನಲ್ಲಿ ಬಸ್ಸು ಹತ್ತಿ ಸಿರವಾರದ ಮೇಲೆ ರಾಯಚೂರು. ಇಲ್ಲಿರುವ ತಂಗಿಯ ಮೈದುನನ ಹತ್ತಿರ ಮೊಕದ್ದಮೆಯ ಕೆಲವು ಕಾಗದಗಳಿದ್ದವು. ವಕೀಲರು ಕೇಳಿದ್ದ ಒಂದು ನಕಲು ಸಿಕ್ಕಿತು, ಇನ್ನೊಂದಕ್ಕೆ ಮುಂದಿನ ವಾರ ಬನ್ನಿ ಎಂದರು ಕಚೇರಿಯಲ್ಲಿ. ತಂಗಿ ಜಗಳವಾಡದೆ, ಬರುತ್ತೇನೆ, ಯಾವ ದಿನ, ಎಷ್ಟು ಗಂಟೆಗೆ, ಯಾರ ಹೆಸರು ಹೇಳಬೇಕು ಎಂದು ಮೂರನ್ನೂ ಬರೆಸಿಕೊಂಡು ಎದ್ದಳು. ಕೋಟೆಯ ಗೋಡೆಯಲ್ಲಿ ಶಾಸನ ಕೆತ್ತಿದ 1294ರ ಮಹಾ ಕಲ್ಲನ್ನು ತೋರಿಸಿದೆ, ನಲವತ್ತು ಅಡಿಗೂ ಉದ್ದ. ಇದನ್ನು ಎಳೆದು ತಂದ ಎತ್ತುಗಳ ಗತಿ ಏನಾಯಿತೋ ಎಂದಳು. ಕೋಟೆಯ ಬಗ್ಗೆ ಅಷ್ಟೇ.

ಬಸ್‌ ನಿಲ್ದಾಣದ ಹತ್ತಿರ ಊಟ ಮಾಡುವಾಗ ಫೋನು ಬಂತು. ಬಳ್ಳಾರಿಯ ಗಾಯನ ತಂಡದ ಹುಡುಗ. ಕ್ರಿಸ್ಮಸ್ ಗೀತೆಗಳ ಅಭ್ಯಾಸ ಶುರುವಾಗಲಿದೆ, ಅಣ್ಣನ ಕೀಬೋರ್ಡ್ ಕೊಡುತ್ತೀರಾ ಆಂಟಿ ಎಂದು ಹೆದರುತ್ತಲೇ ಕೇಳಿದ. ಅನ್ನ ಕಲಸುತ್ತಿದ್ದ ಅವಳ ಕೈ ನಿಂತಿತು.

"ಈ ವರ್ಷ ಕೊಡುವುದಿಲ್ಲಪ್ಪ," ಎಂದಳು. "ಮನೆಯಿಂದ ಹೊರಗೆ ಹೋಗುವುದು ಬೇಡ. ನುಡಿಸುವವರು ನಮ್ಮ ಮನೆಗೇ ಬಂದು ಅಭ್ಯಾಸ ಮಾಡಿ. ಯಂತ್ರ ಸರಿಸಿದರೆ ಪಡಸಾಲೆಯಲ್ಲಿ ಜಾಗ ಆಗುತ್ತದೆ. ರಾತ್ರಿ ಎಂಟರ ಮೇಲೆ ಬೇಡ, ನನಗೆ ಹೊಲಿಗೆ ಇರುತ್ತದೆ."

ಫೋನಿಟ್ಟು ಊಟ ಮುಂದುವರಿಸಿದಳು. ಸ್ವಲ್ಪ ಹೊತ್ತಾದ ಮೇಲೆ, ಅದರ ಅಡಾಪ್ಟರ್ ಸುಟ್ಟುಹೋಗಿದೆ, ಅವನೇ ತರಬೇಕೆಂದಿದ್ದ ಎಂದು ನೆನೆಸಿಕೊಂಡಳು. 12 ವೋಲ್ಟಿನದು. ನನ್ನ ರೈಲಿಗೆ ಹೊತ್ತಾಗುತ್ತಿತ್ತು. ಅಂಗಡಿಯಿಂದ ಅಂಗಡಿಗೆ ಓಡಿಸಿದಳು. ಕೊನೆಗೆ ಸಿಕ್ಕಲ್ಲಿ ಬೆಲೆ ಜಾಸ್ತಿ ಎಂದು ಪಟ್ಟು ಹಿಡಿದು ನಿಂತಳು. ನಾನು ಕೊಡುತ್ತೇನೆ ಬಿಡೇ ಎಂದರೆ, "ನೀನು ಸುಮ್ಮನಿರಕ್ಕಾ, ಬಳ್ಳಾರಿಯಲ್ಲಿ ಇದೇ ಅರ್ಧಕ್ಕೆ ಸಿಗುತ್ತದೆ," ಎಂದಳು. ಹಾಗಾದರೆ ಬಳ್ಳಾರಿಯಲ್ಲೇ ತೆಗೆದುಕೊಳ್ಳಬಹುದಲ್ಲ ಎಂದೆ. ಅದಕ್ಕೆ ಉತ್ತರ ಕೊಡದೆ, ಅಂಗಡಿಯವನಿಗೆ ಐವತ್ತು ರೂಪಾಯಿ ಕಡಿಮೆ ಮಾಡಿಸಿ, ಪಿನ್ನು ಸರಿಹೊಂದದಿದ್ದರೆ ಮುಂದಿನ ವಾರ ಕಚೇರಿಗೆ ಬರುವಾಗ ಬದಲಿಸಿಕೊಡಬೇಕೆಂದು ರಸೀದಿಯ ಮೇಲೆ ಬರೆಸಿಕೊಂಡಳು.